ಬೆನ್ನೊಳಗಿನ ರಾಡಿನ ಉತಾರ ಎಲ್ಲಿದೆ?

ನಮಸ್ಕಾರ. ಹೊಲದ ಉತಾರ, ಅಂದರೆ ಪಹಣಿ ಕಾಗದ ಕೇಳಿದರೆ ನಮ್ಮ ಭಾಗದಲ್ಲಿ ಎಂಥವರೂ ಟ್ರಂಕಿನಿಂದ ತೆಗೆದು ತೋರಿಸುತ್ತಾರೆ. ಅಜ್ಜನ ಕಾಲದ್ದೂ ಇರುತ್ತದೆ. ಅದೇ ಮನೆಯಲ್ಲಿ ಬೆನ್ನಿನ ಆಪರೇಷನ್ ಆದವರನ್ನು ಕೇಳಿ ನೋಡಿ: ಯಾವ ಕಂಪನಿಯ ಸ್ಕ್ರೂ, ಎಷ್ಟು ದಪ್ಪ, ಬೆನ್ನುಮೂಳೆಯ ಯಾವ ಮಣಿಗೆ? "ಮಿರಜ್‌ದಾಗ ಮಾಡಿಸೇವ್ರಿ, ರಾಡ್ ಹಾಕ್ಯಾರ." ಮುಗಿಯಿತು. ನನ್ನ ತಕರಾರು ಇರುವುದು ಇಲ್ಲೇ.

ಒಳಗೆ ಏನೇನಿದೆ ಅಂತ ಮೊದಲು ಲೆಕ್ಕ ಹಾಕೋಣ. ಸೊಂಟದ 4 ಮತ್ತು 5ನೇ ಮಣಿ ಬೆಸೆಯುವ ಆಪರೇಷನ್ನಿಗೆ ಸಾಮಾನ್ಯವಾಗಿ 4 ಸ್ಕ್ರೂ, 2 ರಾಡ್, ರಾಡನ್ನು ಬಿಗಿಯುವ 4 ಸಣ್ಣ ಕ್ಯಾಪ್, ಮಣಿಗಳ ನಡುವೆ ಒಂದು ಕೇಜ್, ಅಂದರೆ ಸಣ್ಣ ಟೊಳ್ಳು ಪೆಟ್ಟಿಗೆಯಂಥದ್ದು. ಸ್ಕ್ರೂ ಸುಮಾರು 6.5 ಮಿ.ಮೀ. ದಪ್ಪ, 45 ಮಿ.ಮೀ. ಉದ್ದ. ರಾಡ್ 5.5 ಮಿ.ಮೀ. ಹೆಚ್ಚಾಗಿ ಟೈಟೇನಿಯಂ ಮಿಶ್ರಲೋಹ. "ಬೆಳಗಾವಿ ಮಳಿಗೆ ತುಕ್ಕ ಹಿಡಿತೈತೇನ್ರಿ?" ಅಂತ ಕೇಳುವವರಿದ್ದಾರೆ. ಇಲ್ಲ. ಟೈಟೇನಿಯಂ ತನ್ನ ಮೈಮೇಲೆ ತಾನೇ ಆಕ್ಸೈಡಿನ ತೆಳು ಪದರ ಕಟ್ಟಿಕೊಳ್ಳುತ್ತದೆ. ಆದರೆ ರಾಡು-ಸ್ಕ್ರೂ ಕೂಡುವ ಜಾಗದಲ್ಲಿ ತಿಕ್ಕಾಟ ನಡೆದರೆ ಆ ಪದರ ಕೆರೆದು ಸಣ್ಣ ಲೋಹದ ಪುಡಿ ಉದುರುತ್ತದೆ, ಸುತ್ತಲಿನ ಮಾಂಸ ಕಪ್ಪಾಗುತ್ತದೆ.

ಎಲ್ಲರೂ ತಪ್ಪು ತಿಳಿದುಕೊಂಡಿರುವ ವಿಷಯ ಒಂದಿದೆ. ರಾಡ್ ಜೀವನಪೂರ್ತಿ ಭಾರ ಹೊರುವ ಕಂಬ ಅಲ್ಲ, ಸ್ಲ್ಯಾಬಿಗೆ ಕೊಡುವ ಸೆಂಟ್ರಿಂಗ್. ನಿಜವಾಗಿ ಗಟ್ಟಿಯಾಗಬೇಕಾದ್ದು ನಡುವೆ ತುಂಬಿದ ಎಲುಬು. ಅದು ಕೂಡಲು 6 ತಿಂಗಳಿಂದ ಒಂದು ವರ್ಷ ಬೇಕು. ಕಾಂಕ್ರೀಟ್ ಗಟ್ಟಿಯಾಗಲೇ ಇಲ್ಲ ಅಂದರೆ ಸೆಂಟ್ರಿಂಗ್ ಎಷ್ಟು ದಿನ ತಡೆದೀತು? ಬಗ್ಗಿದಾಗೊಮ್ಮೆ, ಎದ್ದಾಗೊಮ್ಮೆ ರಾಡ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ತಂತಿಯನ್ನು ಆಚೆ ಈಚೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ದಣಿದು ಮುರಿಯುತ್ತದೆ, ಹೆಚ್ಚಾಗಿ ವರ್ಷ ಕಳೆದ ಮೇಲೆ. ಆಪರೇಷನ್ ಟೇಬಲ್ಲಿನಲ್ಲಿ ಬೆಂಡರ್ ಹಾಕಿ ಬಗ್ಗಿಸುವಾಗ ಗೀರು ಬಿದ್ದಿದ್ದರೆ ಮುರಿತ ಅಲ್ಲಿಂದಲೇ ಶುರುವಾಗಬಹುದು. ಟೈಟೇನಿಯಂ ಗೀರು ತಡೆಯುವುದಿಲ್ಲ. ಜನ "ಡೂಪ್ಲಿಕೇಟ್ ಮಾಲ ಹಾಕ್ಯಾರ" ಅಂತ ಬೈಯುತ್ತಾರೆ. ಸಾಮಾನ್ಯವಾಗಿ ಕೈ ಕೊಟ್ಟಿರುವುದು ಮಾಲು ಅಲ್ಲ, ಕೂಡದ ಎಲುಬು.

ಎಲುಬು ಯಾಕೆ ಕೂಡಲಿಲ್ಲ? ತಂಬಾಕು ಬೆಳೆಯುವ ನಿಪ್ಪಾಣಿ ಸುತ್ತಲಿನ ಜನಕ್ಕೆ ನಾನು ಬಿಡಿಸಿ ಹೇಳಬೇಕಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಎಲುಬು ಕಟ್ಟುವ ಜೀವಕೋಶಗಳನ್ನು ತಡೆಯುತ್ತದೆ. ಬೀಡಿ ಬಿಟ್ಟೆ ಅಂತ ತಂಬಾಕು-ಸುಣ್ಣ ತಿಕ್ಕಿ ದವಡೆಗೆ ಇಟ್ಟುಕೊಂಡರೂ ರಕ್ತಕ್ಕೆ ಹೋಗುವುದು ಅದೇ ನಿಕೋಟಿನ್. ಆಪರೇಷನ್ನಿಗೆ 4 ವಾರ ಮೊದಲು ಬಿಡಬೇಕು, ಆಮೇಲೆ ಕನಿಷ್ಠ 6 ತಿಂಗಳು ಮುಟ್ಟಬಾರದು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಅಷ್ಟೇ ಕೆಟ್ಟದ್ದು.

ಇನ್ನು ಸ್ಕ್ರೂ ಸಡಿಲಾಗುವುದು. ಎಕ್ಸ್‌-ರೇಯಲ್ಲಿ ಸ್ಕ್ರೂ ಸುತ್ತ ಒಂದು ಮಿ.ಮೀ.ಗಿಂತ ಅಗಲದ ಕಪ್ಪು ಗೆರೆ ಕಂಡರೆ ಅದೇ ಗುರುತು. ಟೊಳ್ಳು ಎಲುಬಿನವರಲ್ಲಿ ಇದು ಜಾಸ್ತಿ: ಮುಟ್ಟು ನಿಂತ ಹೆಣ್ಣುಮಕ್ಕಳು, ವರ್ಷಗಟ್ಟಲೆ ಸ್ಟೆರಾಯ್ಡ್ ಗುಳಿಗೆ ನುಂಗಿದವರು. ತ್ರಿಕಾಸ್ಥಿಗೆ, ಅಂದರೆ ಸೊಂಟದ ಕೆಳಗಿನ ಎಲುಬಿಗೆ ಹಾಕಿದ ಸ್ಕ್ರೂ ಹೆಚ್ಚು ಸಡಿಲಾಗುತ್ತದೆ. ಅಲ್ಲಿ ಎಲುಬು ಸ್ಪಂಜಿನಂತೆ, ಮೇಲಿನ ಭಾರವೆಲ್ಲ ಅಲ್ಲೇ ಎಳೆಯುತ್ತದೆ. ಆಪರೇಷನ್ನಿಗೆ ಮೊದಲೇ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ, ಅದರ ಅಂಕ (ಟಿ-ಸ್ಕೋರ್) ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಇರುವವರಿಗೆ ಔಷಧ ಶುರು ಮಾಡಬಹುದು, ಸ್ಕ್ರೂ ಸುತ್ತ ಸಿಮೆಂಟ್ ಹಾಕಬಹುದು. ಲಕ್ಷಗಟ್ಟಲೆ ಬಿಲ್ಲಿನಲ್ಲಿ ಈ ಒಂದು ಸ್ಕ್ಯಾನ್ ಬಿಟ್ಟುಹೋಗುವುದು ನನಗೆ ಅರ್ಥವಾಗದ ಉಳಿತಾಯ.

ಎಲುಬು ಚೆನ್ನಾಗಿ ಕೂಡಿದವರಿಗೂ ಒಂದು ತೊಂದರೆ ಕಾದಿರಬಹುದು. ಎರಡು ಮಣಿ ಒಂದಾದವು ಅಂದರೆ ಅಲ್ಲಿನ ಬಾಗುವಿಕೆ ನಿಂತಿತು. ಆ ಕೆಲಸ ಮೇಲಿನ ಮಣಿಯ ಪಾಲಿಗೆ ಬಂತು. ಇಳಕಲ್ಲಿನ ಗುಂಡಿ ಮಗ್ಗದಲ್ಲಿ ಬಗ್ಗಿ ಕೂರುವವರಿಗೆ, ಮುಧೋಳದ ಕಡೆ ಕಬ್ಬಿನ ಹೊರೆ ಏರಿಸುವವರಿಗೆ ಈ ಹೆಚ್ಚುವರಿ ದುಡಿಮೆ ಸಣ್ಣದಲ್ಲ. ಪಕ್ಕದ ಮಣಿಗೆ ಮತ್ತೆ ಆಪರೇಷನ್ ಬೇಕಾಗುವವರು ವರ್ಷಕ್ಕೆ ನೂರರಲ್ಲಿ ಸುಮಾರು 2ರಿಂದ 3 ಜನ. ಹತ್ತು ವರ್ಷಕ್ಕೆ ನೀವೇ ಗುಣಿಸಿ. ಎಷ್ಟು ಹೆಚ್ಚು ಮಣಿ ಬೆಸೆದರೋ ಅಪಾಯವೂ ಅಷ್ಟು ಹೆಚ್ಚು. ಅದಕ್ಕೇ "ಹೆಂಗೂ ತೆಗದೇವಿ, ಇನ್ನೊಂದೂ ಸೇರಿಸಿಬಿಡೋಣು" ಅನ್ನುವ ಡಾಕ್ಟರ ಮಾತಿಗೆ ಸುಲಭಕ್ಕೆ ಹೂಂ ಅನ್ನಬೇಡಿ, ಕಾರಣ ಕೇಳಿ.

ತಡವಾಗಿ ಬರುವ ಸೋಂಕು ಬಲು ಕಳ್ಳ. ಜ್ವರ ಇಲ್ಲ, ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ಕೂಡ ನಾರ್ಮಲ್ ಬರಬಹುದು, ಬರೀ ಮಂದ ನೋವು. ಚರ್ಮದ ಮೇಲೆಯೇ ಬದುಕುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಲೋಹಕ್ಕೆ ಲೋಳೆಯಂತೆ ಅಂಟಿ ವರ್ಷಗಟ್ಟಲೆ ಕೂರುತ್ತದೆ. ಲ್ಯಾಬಿನವರು ರೋಗಾಣು ಬೆಳೆಸಿ ನೋಡುವ ಕಲ್ಚರ್ ತಟ್ಟೆಯನ್ನು 5 ದಿನಕ್ಕೇ ಬಿಸಾಡಿದರೆ ಅದು ಸಿಗುವುದೇ ಇಲ್ಲ. 10ರಿಂದ 14 ದಿನ ಇಡಬೇಕು. ಹಳೆ ಗಾಯದಿಂದ ಒಂದು ಹನಿ ಕೀವು ಬಂದರೂ ಅರಿಶಿನ ಹಚ್ಚಿ ಕಾಯಬೇಡಿ. ಬೆನ್ನಿನ ಟಿಬಿಗೆ ರಾಡ್ ಹಾಕಿಸಿಕೊಂಡವರಿಗೂ ಒಂದು ಮಾತು: ರಾಡ್ ಮಣಿಯನ್ನು ನಿಲ್ಲಿಸುತ್ತದೆ, ಟಿಬಿಯನ್ನು ಕೊಲ್ಲುವುದಿಲ್ಲ. ನೋವು ಹೋಯಿತು ಅಂತ ಗುಳಿಗೆ ನಿಲ್ಲಿಸಬೇಡಿ.

ಹಾಗಂತ ಒಳಗಿರುವುದನ್ನೆಲ್ಲ ತೆಗೆಸಿಬಿಡಿ ಅನ್ನುತ್ತಿಲ್ಲ. ಎಲುಬು ಕೂಡಿದ ಮೇಲೆ ತೊಂದರೆ ಕೊಡದ ಲೋಹ ಅಲ್ಲೇ ಇರಲಿ. ಸಡಿಲ ಸ್ಕ್ರೂ ಇದ್ದೂ ಆರಾಮಾಗಿ ತಿರುಗಾಡುವವರಿದ್ದಾರೆ. ಆದರೆ ತಿಂಗಳುಗಟ್ಟಲೆ ಆರಾಮಿದ್ದು ಹೊಸದಾಗಿ ನೋವು ಶುರುವಾದರೆ, ಬೆನ್ನಲ್ಲಿ ಕಟ್ ಅಂದಂತಾದರೆ ಎಕ್ಸ್-ರೇ ಬೇಕು. ಎಲುಬು ಕೂಡಿದೆಯೋ ಇಲ್ಲವೋ ಎಂಬ ಸಂಶಯಕ್ಕೆ ಸಿ.ಟಿ. ಸ್ಕ್ಯಾನ್ ಬೇಕು. ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ ನಾಳೆಯ ಬಸ್ಸಿಗೆ ಕಾಯುವಂತಿಲ್ಲ, ಅವತ್ತೇ ಹೊರಡಬೇಕು. ನೋವಿಲ್ಲದಿದ್ದರೂ ಒಂದು ವರ್ಷದ ಎಕ್ಸ್-ರೇ ತಪ್ಪಿಸಬೇಡಿ.

ಉತಾರದ ಮಾತಿಗೆ ವಾಪಸ್ ಬರುತ್ತೇನೆ. ಸ್ಕ್ರೂ ತೆಗೆಯಬೇಕಾಗಿ ಬಂದಾಗ ಮೊದಲ ಪ್ರಶ್ನೆ: ಯಾವ ಡ್ರೈವರ್? ಕೆಲವು ಕಂಪನಿಯದ್ದು ಆರು ಮೂಲೆ, ಕೆಲವು ಕಂಪನಿಯದ್ದು ನಕ್ಷತ್ರದ ತುದಿ, ಅಳತೆಯೂ ಬೇರೆ ಬೇರೆ. ತಪ್ಪು ಡ್ರೈವರ್ ಹಾಕಿದರೆ ಕ್ಯಾಪಿನ ತಲೆ ಸವೆಯುತ್ತದೆ, ಆಮೇಲೆ ರಾಡ್ ಕತ್ತರಿಸಬೇಕು, ಅರ್ಧ ಗಂಟೆಯ ಕೆಲಸ ಎರಡು ಗಂಟೆಯಾಗುತ್ತದೆ. ಎಂಆರ್‌ಐ ಸೆಂಟರಿನಲ್ಲೂ ಲೋಹ ಯಾವುದು ಅಂತ ಕೇಳುತ್ತಾರೆ, ಕಾಗದ ಇಲ್ಲದಿದ್ದರೆ ವಾಪಸ್ ಕಳಿಸುವುದೂ ಉಂಟು. ಅಂದ ಹಾಗೆ ಟೈಟೇನಿಯಂ ಇದ್ದವರಿಗೆ 3 ಟೆಸ್ಲಾ (ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ) ಯಂತ್ರಕ್ಕಿಂತ 1.5 ಟೆಸ್ಲಾದಲ್ಲಿ ಚಿತ್ರ ಕಡಿಮೆ ಕಲಸುತ್ತದೆ.

ಈ ಮಾಹಿತಿಯೆಲ್ಲ ಇರುವುದು ಇಂಪ್ಲಾಂಟ್ ಡಬ್ಬಿಯ ಮೇಲಿನ ಸ್ಟಿಕ್ಕರಿನಲ್ಲಿ: ಕಂಪನಿ, ಅಳತೆ, ಯಾವ ಕಂತಿನಲ್ಲಿ ತಯಾರಾದದ್ದು ಎನ್ನುವ ಲಾಟ್ ನಂಬರ್. ಅದು ಆಸ್ಪತ್ರೆ ಫೈಲಿಗೆ, ವಿಮೆಯ ಕ್ಲೇಮಿಗೆ ಹೋಗುತ್ತದೆ, ಹಾಕಿಸಿಕೊಂಡವರ ಕೈಗೆ ಮಾತ್ರ ಬರುವುದಿಲ್ಲ. ವೈದ್ಯರ ನಡವಳಿಕೆಯ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆ ಇಡಬೇಕಾದ್ದು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ. ರಾಡಿನ ತಕರಾರು ಬರುವುದು ಐದಕ್ಕೆ, ಹತ್ತಕ್ಕೆ! ಅದೇ ನಿಯಮದಲ್ಲಿ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತಲೂ ಇದೆ. ಡಿಸ್ಚಾರ್ಜ್ ದಿನವೇ ಒಂದು ಅರ್ಜಿ ಬರೆಯಿರಿ: ಆಪರೇಷನ್ ನೋಟ್, ಸ್ಟಿಕ್ಕರ್ ಹಾಳೆ, ಕೊನೆಯ ಎಕ್ಸ್-ರೇ, ಮೂರರ ಪ್ರತಿ ಬೇಕು ಅಂತ. ದಿನಾಂಕ ಹಾಕಿ, ಸ್ವೀಕೃತಿಯ ಸಹಿ ತೆಗೆದುಕೊಳ್ಳಿ. ಬಂದ ಕಾಗದ ಉತಾರದ ಪಕ್ಕ ಟ್ರಂಕಿಗೆ ಹೋಗಲಿ, ಫೋಟೊ ತೆಗೆದು ಮಗನ ಮೊಬೈಲಿಗೂ ಸೊಸೆಯ ಮೊಬೈಲಿಗೂ ಕಳಿಸಿಡಿ.