ಹದವೋ, ಕಲಸುಮೇಲೋಗರವೋ? ಮನೋಚಿಕಿತ್ಸೆಯ ವಿಧಾನಗಳನ್ನು ಬೆರೆಸುವ ಕಥೆ

(ದೃಶ್ಯ: ಖಾಲಿ ಕೋಣೆ. ಎದುರುಬದುರಾಗಿ ಎರಡು ಕುರ್ಚಿ.)

ಬದುಕೇ ಬೇಡವೆನ್ನಿಸಿದ ಒಬ್ಬ ಹೆಣ್ಣುಮಗಳು ಚಿಕಿತ್ಸಕಿಯ ಎದುರು ಕುಳಿತಿದ್ದಾಳೆ. ‘ನೀನು ಯೋಚಿಸುವ ರೀತಿ ಬದಲಾಗಬೇಕು’ ಎಂದರೆ, ‘ಅಂದರೆ ತಪ್ಪೆಲ್ಲ ನನ್ನದೇ’ ಎಂದು ಸಿಡಿಯುತ್ತಾಳೆ. ಸರಿ, ‘ನೀನು ಇರುವ ಹಾಗೆಯೇ ಇರು’ ಎಂದರೆ, ‘ಹಾಗಾದರೆ ಈ ನೋವು ಹೋಗುವುದೇ ಇಲ್ಲವೇ?’ ಎಂದು ಅಳುತ್ತಾಳೆ.

ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಸಿಕ್ಕಿಬಿದ್ದದ್ದು ಇದೇ ಇಕ್ಕಟ್ಟಿನಲ್ಲಿ. ಅವರು ಕಲಿತದ್ದು ವರ್ತನಾ ಚಿಕಿತ್ಸೆ: ಸಮಸ್ಯೆ ಗುರುತಿಸು, ಅಭ್ಯಾಸ ಮಾಡಿಸು, ಬದಲಾಯಿಸು. ಪದೇ ಪದೇ ಆತ್ಮಹತ್ಯೆಗೆ ಯತ್ನಿಸಿದ ಮಹಿಳೆಯರ ಮುಂದೆ ಅದು ಸೋತಿತು. ಬರಿಯ ಸಾಂತ್ವನವೂ ಸೋತಿತು. ಲಿನೆಹನ್ ಝೆನ್ ಧ್ಯಾನ ಕಲಿಯಲು ಹೋದರು. ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವುದೂ ಅಭ್ಯಾಸದಿಂದ ಬರುವ ವಿದ್ಯೆ ಎಂಬುದನ್ನು ಅಲ್ಲಿಂದ ತಂದು, ತಮ್ಮ ವರ್ತನಾ ಚಿಕಿತ್ಸೆಯ ಪಕ್ಕದಲ್ಲಿಟ್ಟರು. ಹೀಗೆ ಹುಟ್ಟಿದ್ದು ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ: ಒಪ್ಪಿಕೊಳ್ಳುವುದು, ಬದಲಾಗುವುದು ಎರಡನ್ನೂ ಒಟ್ಟಿಗೆ ಹಿಡಿಯುವ ಚಿಕಿತ್ಸೆ. ಇದರ ಮೊದಲ ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 1991ರಲ್ಲಿ. ಸ್ವತಃ ಗಾಯ ಮಾಡಿಕೊಳ್ಳುವುದು ಕಡಿಮೆಯಾಗಿತ್ತು. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಹೋಗುವವರೂ ಕಡಿಮೆಯಾಗಿದ್ದರು.

ಲಿನೆಹನ್ ಹದಿಹರೆಯದಲ್ಲಿ ತಾವೇ ಮಾನಸಿಕ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದವರು. ಅದನ್ನು ಬಹಿರಂಗವಾಗಿ ಹೇಳಿಕೊಂಡದ್ದು 2011ರಲ್ಲಿ.

(ದೃಶ್ಯ: ತಕ್ಕಡಿ. ಒಂದು ತಟ್ಟೆಯಲ್ಲಿ ‘ಒಪ್ಪು’, ಇನ್ನೊಂದರಲ್ಲಿ ‘ಬದಲಾಗು’.)

ಈ ಬೆರಕೆಯ ಪ್ರತಿಯೊಂದು ವಸ್ತುವಿಗೂ ಒಂದು ಕಾರಣವಿದೆ ಎಂಬುದನ್ನು ಗಮನಿಸಿ. ಝೆನ್ ಚೆನ್ನಾಗಿದೆ ಎಂದು ಲಿನೆಹನ್ ಸೇರಿಸಲಿಲ್ಲ. ಬದಲಾವಣೆಯ ಒತ್ತಾಯ ಎಲ್ಲಿ ಮುರಿದುಬೀಳುತ್ತಿತ್ತೋ ಸರಿಯಾಗಿ ಅಲ್ಲಿಗೆ ಅದು ಬೇಕಾಗಿತ್ತು.

ಎರವಲು ತರುವುದನ್ನು ಅವರಿಗಿಂತ ಮೊದಲೇ ಸಮರ್ಥಿಸಿದವರು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ಲ್ಯಾಜರಸ್. ತಂತ್ರವನ್ನು ಯಾವ ಚಿಕಿತ್ಸಾಪಂಥದ ಮನೆಯಿಂದಲಾದರೂ ತನ್ನಿ, ಆ ಮನೆಯ ಸಿದ್ಧಾಂತವನ್ನೂ ಹೊತ್ತು ತರಬೇಕಿಲ್ಲ ಎಂಬುದು 1967ರಲ್ಲಿ ಅವರು ಮಂಡಿಸಿದ ವಾದ. ಆದರೆ ತರುವ ಮುನ್ನ ಅವರು ಏಳು ಕಡೆ ಇಣುಕುತ್ತಿದ್ದರು: ನಡವಳಿಕೆ, ಭಾವನೆ, ದೇಹದ ಅನುಭವ, ಮನಸ್ಸಿನಲ್ಲಿ ಮೂಡುವ ಚಿತ್ರಗಳು, ಆಲೋಚನೆ, ಸಂಬಂಧಗಳು, ಔಷಧಿ ಮತ್ತು ದೇಹಸ್ಥಿತಿ. ಇವತ್ತು ಅವರ ಎರವಲನ್ನು ಮಾತ್ರ ನೆನಪಿಟ್ಟುಕೊಂಡು ಇಣುಕುವುದನ್ನು ಮರೆತವರೇ ಹೆಚ್ಚೇನೋ ಎಂದು ನನಗೆ ಅನುಮಾನ.

(ದೃಶ್ಯ: ನಲ್ಲಿಯಿಂದ ಸುರಿಯುತ್ತಲೇ ಇರುವ ನೀರು.)

ಈಗ ಬೇರೊಂದು ಮನೆಗೆ ಬನ್ನಿ. ಇದು ನಾನು ಕಟ್ಟಿಕೊಂಡ ಉದಾಹರಣೆ. ಬ್ಯಾಂಕಿನ ಉದ್ಯೋಗಿ, ವಯಸ್ಸು 34, ಸ್ನಾನಕ್ಕೆ ಒಂದೂವರೆ ಗಂಟೆ. ಬಾಗಿಲ ಹಿಡಿ ಮುಟ್ಟಿದರೆ ಮತ್ತೆ ಕೈ ತೊಳೆಯಬೇಕು. ‘ಅಜ್ಜಿಯದೂ ಹೀಗೆಯೇ ಮಡಿ’ ಎಂದು ಮನೆಯವರು ನಗುತ್ತಾರೆ. ಅಲ್ಲ. ಅಜ್ಜಿಯ ಮಡಿಗೆ ಕೊನೆಯಿತ್ತು: ಸ್ನಾನವಾಯಿತು, ಮಡಿಬಟ್ಟೆ ಉಟ್ಟಾಯಿತು, ಅಡುಗೆ ಶುರು. ಇವರ ತೊಳೆಯುವಿಕೆಗೆ ‘ಆಯಿತು’ ಎಂಬ ಗಳಿಗೆಯೇ ಬರುವುದಿಲ್ಲ. ಇದು ಒಸಿಡಿ, ಗೀಳು. ‘ಕೊಳೆ ಉಳಿದಿಲ್ಲ ತಾನೆ?’ ಎಂದು ಹೆಂಡತಿಯನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾರೆ. ‘ಇಲ್ಲ ರೀ, ಎಲ್ಲ ಶುದ್ಧವಾಗಿದೆ’ ಎಂದು ಅವರು ಇಪ್ಪತ್ತು ಸಲವೂ ಹೇಳುತ್ತಾರೆ.

ಇದಕ್ಕೆ ಪಳಗಿದ ಚಿಕಿತ್ಸೆಯೊಂದಿದೆ. ಅದರ ಬೇರು ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಪ್ರಕಟಿಸಿದ ಇಬ್ಬರು ರೋಗಿಗಳ ವರದಿಯಲ್ಲಿದೆ. ಹಿಡಿಯನ್ನು ಮುಟ್ಟಬೇಕು, ಕೈ ತೊಳೆಯದೆ ಕೂರಬೇಕು. ಭಯ ಏರುತ್ತದೆ; ಏನೂ ಮಾಡದೆ ಬಿಟ್ಟರೂ ಭಯಪಟ್ಟದ್ದು ನಡೆಯುವುದಿಲ್ಲ ಎಂಬುದನ್ನು ಮನಸ್ಸು ತಾನೇ ಕಂಡುಕೊಳ್ಳಬೇಕು.

ಇಲ್ಲಿ ಕರುಣಾಳು ಚಿಕಿತ್ಸಕರೊಬ್ಬರು ‘ಸ್ವಲ್ಪ ಸಾಂತ್ವನವನ್ನೂ ಬೆರೆಸೋಣ’ ಎಂದುಕೊಂಡು, ಹಿಡಿ ಮುಟ್ಟಿದ ಕೂಡಲೇ ‘ಏನೂ ಆಗುವುದಿಲ್ಲ, ನಾನಿದ್ದೇನೆ’ ಎಂದರೆ? ಇಪ್ಪತ್ತೊಂದನೆಯ ಸಲ ಉತ್ತರ ಕೊಟ್ಟಂತಾಯಿತು, ಅಷ್ಟೆ. ನಿಧಾನವಾಗಿ ಉಸಿರಾಡುವ ಅಭ್ಯಾಸ ಕೂಡ ಇಲ್ಲಿ ಹೊಸದೊಂದು ಕೈತೊಳೆತವಾಗಿಬಿಡಬಹುದು. ಸಿಯಾಟಲ್‌ನ ಕೋಣೆಯಲ್ಲಿ ಬದಲಾವಣೆಯ ಜೊತೆ ಬೆರೆತು ನೆರವಾದ ಒಗ್ಗರಣೆಯೇ ಈ ಕೋಣೆಯಲ್ಲಿ ಅಡುಗೆ ಕೆಡಿಸುತ್ತದೆ.

ಹಾಗೆಂದು ಬೆರೆಸಲು ಏನೂ ಇಲ್ಲವೆಂದಲ್ಲ. ಈ ವ್ಯಕ್ತಿ ಹಿಡಿ ಮುಟ್ಟಲೇ ಒಪ್ಪದಿದ್ದರೆ, ಮೊದಲು ಕೆಲವು ವಾರ ಅವರ ಹಿಂಜರಿಕೆಯ ಜೊತೆಗೇ ಮಾತನಾಡಬೇಕಾದೀತು. ಅಗತ್ಯವಿದ್ದರೆ ಮನೋವೈದ್ಯರ ಮಾತ್ರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.

(ತೆರೆಯ ಕೆಳಗೆ: ಮನಸ್ಸು ಕಂಗೆಟ್ಟಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಹಗಲು ರಾತ್ರಿ ಕನ್ನಡದಲ್ಲಿಯೂ ಮಾತನಾಡಬಹುದು.)

‘ಹಲವು ವಿಧಾನಗಳನ್ನು ಬೆರೆಸುತ್ತೇನೆ’ ಎನ್ನುವವರ ಎದುರು ನೀವು ಕುಳಿತಿದ್ದರೆ, ‘ಇದನ್ನು ಈಗ ಯಾಕೆ ಸೇರಿಸುತ್ತಿದ್ದೀರಿ?’ ಎಂದು ಧೈರ್ಯವಾಗಿ ಕೇಳಿ. ‘ಇದು ಎಲ್ಲರಿಗೂ ಒಳ್ಳೆಯದು’ ಎಂಬುದು ಉತ್ತರವಲ್ಲ. ಉತ್ತರ ಹೀಗಿರಬೇಕು: ‘ನಾಲ್ಕು ವಾರವಾಯಿತು, ಇಲ್ಲಿ ಹಿಡಿ ಮುಟ್ಟುತ್ತೀರಿ, ಮನೆಯಲ್ಲಿ ಮುಟ್ಟುತ್ತಿಲ್ಲ. ಮನೆಯಲ್ಲಿ ನಿಮ್ಮ ಪ್ರಶ್ನೆಗೆ ಇಪ್ಪತ್ತು ಸಲ ಉತ್ತರ ಸಿಗುತ್ತಿದೆ. ಮುಂದಿನ ವಾರ ನಿಮ್ಮ ಹೆಂಡತಿಯನ್ನೂ ಕರೆದುಕೊಂಡು ಬನ್ನಿ.’