ಮಿಲ್ಲಿನ ಗೇಟು, ಊರಿನ ಓಟು

ಕೇಳುಗರಿಗೆ ನಮಸ್ಕಾರ. ದಾವಣಗೆರೆ ಅಂದ ಕೂಡಲೇ ಈಗಿನವರಿಗೆ ನೆನಪಾಗುವುದು ಬೆಣ್ಣೆದೋಸೆ. ಹಿರಿಯರ ಕಿವಿಯಲ್ಲಿ ಮಾತ್ರ ಇನ್ನೂ ಹತ್ತಿ ಮಿಲ್ಲಿನ ಸೈರನ್ ಇದೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡಿದ್ದ ಊರಲ್ವಾ ಇದು! ಕಾರ್ಮಿಕ ಸಂಘಕ್ಕೂ ಓಟಿಗೂ ಇರುವ ನಂಟಿನ ಬಗ್ಗೆ ಇವತ್ತು ಒಂದೆರಡು ಮಾತು.

1978ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯ ದೇವರಾಜ ಅರಸರ ಕಡೆ ವಾಲಿತು. 1983ರಲ್ಲಿ ಜನತಾ ಸರ್ಕಾರ ಬಂತು. 1985ರಲ್ಲಿ ರಾಮಕೃಷ್ಣ ಹೆಗಡೆಯವರಿಗೆ ಪೂರ್ತಿ ಬಹುಮತ. ಗಾಳಿ ಯಾವ ಕಡೆ ಬೀಸಿದರೂ ದಾವಣಗೆರೆ ಮೂರೂ ಸಲ ಗೆಲ್ಲಿಸಿದ್ದು ಕಾರ್ಮಿಕ ನಾಯಕ, ಸಿಪಿಐ ಅಂದರೆ ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು.

ಯೂನಿಯನ್ ಹೇಳಿತು, ಜನ ಓಟು ಹಾಕಿದರು ಅಂತ ಸುಮ್ನೆ ಹೇಳಿಬಿಡಬಹುದು. ಅಷ್ಟು ಸಲೀಸಲ್ಲ. ಭಾಷಣ ಕೇಳಿ ಓಟು ಹಾಕುವವರು ಕಡಿಮೆ. ಭಾಷಣ ಮಾಡಲು ಕೂತ ನಾನೇ ಇದನ್ನು ಹೇಳಬೇಕಾಗಿದೆ, ನೋಡಿ! ಪಿಎಫ್ ಅರ್ಜಿ ತುಂಬಿಕೊಡುವವನು ಯೂನಿಯನ್ನಿನವನು. ಬೋನಸ್ ಕಡಿಮೆಯಾದರೆ ಮ್ಯಾನೇಜರ್ ಮುಂದೆ ನಿಲ್ಲುವವನೂ ಅವನೇ. ಪಾಳಿ ಬದಲಾಗುವ ಹೊತ್ತಿಗೆ ಗೇಟ್ ಮೀಟಿಂಗ್. ಬೇರೆ ಬೇರೆ ಕೇರಿಯವರು, ಬೇರೆ ಬೇರೆ ಜಾತಿಯವರು ಅಲ್ಲಿ ಹೆಗಲು ತಾಗಿಸಿಕೊಂಡು ನಿಲ್ಲುತ್ತಾರೆ. ಮುಷ್ಕರ ನಡೆದರೆ ಹಸಿವೂ ಒಟ್ಟಿಗೇ. ಇಷ್ಟೆಲ್ಲ ಆದ ಮೇಲೆ, "ಇಂಥವರಿಗೇ ಹಾಕಪ್ಪಾ" ಅಂತ ಜಾಸ್ತಿ ಹೇಳಬೇಕಾಗುವುದಿಲ್ಲ.

ಬಲವಂತ ಮಾಡುವ ಹಾಗೂ ಇರಲಿಲ್ಲ. ರಾಜಕೀಯದ ಖರ್ಚಿಗೆ ಬೇರೆಯೇ ನಿಧಿ ಇಡಬೇಕು ಅಂತ 1926ರ ಕಾರ್ಮಿಕ ಸಂಘಗಳ ಕಾಯ್ದೆ ಹೇಳಿತ್ತು. ಆ ನಿಧಿಗೆ ದುಡ್ಡು ಕೊಡಲ್ಲ ಅಂದ ಸದಸ್ಯನಿಗೆ ಸಂಘದ ಸೌಲಭ್ಯ ತಪ್ಪಿಸುವಂತಿರಲಿಲ್ಲ.

ಆಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಗೇಟಿನ ಜೊತೆಗೇ ಗೇಟ್ ಮೀಟಿಂಗೂ ಹೋಯಿತು. ಯೂನಿಯನ್ನುಗಳೇನೋ ಉಳಿದಿವೆ. ಹಮಾಲರು, ಬೀಡಿ ಕಟ್ಟುವವರು, ಕಟ್ಟಡ ಕಾರ್ಮಿಕರು, ಬಿಸಿಯೂಟದವರು, ಅಂಗನವಾಡಿಯವರು ಎಲ್ಲರಿಗೂ ಸಂಘ ಇದೆ. ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೆಂಪು ಬಾವುಟ ಹಿಡಿದು ಕೂರುವ ಹೆಣ್ಣುಮಕ್ಕಳು ಊರಿಗೆ ಬಂದು ಅದೇ ಬಾವುಟಕ್ಕೆ ಓಟು ಹಾಕುತ್ತಾರೆ ಅಂತ ಹೇಳಲಾಗದು. ಮನೆಯವರು, ಜಾತಿ, ಊರಿನ ಮುಖಂಡ, ಎಲ್ಲರ ಮಾತೂ ನಡುವೆ ಬರುತ್ತದೆ. ನನಗಂತೂ ಅದು ದ್ರೋಹ ಅನ್ನಿಸುವುದಿಲ್ಲ. ಸಂಘ ಅವರ ದಿನದಲ್ಲಿ ಒಂದಿಷ್ಟು ಹೊತ್ತು ಮಾತ್ರ ಇರುತ್ತದೆ, ಮಿಲ್ಲಿನ ಕಾಲದ ಹಾಗೆ ಎಂಟು ಗಂಟೆ ಅಲ್ಲ.

ನಮ್ಮ ಮಂಡಕ್ಕಿ ಭಟ್ಟಿಗಳನ್ನೇ ನೋಡಿ. ಒಂದೊಂದರಲ್ಲಿ ಬೆರಳೆಣಿಕೆಯ ಜನ, ಬೆಂಕಿಯ ಮುಂದೆ. ಸೈರನ್ ಇಲ್ಲ, ಎಲ್ಲರೂ ಒಟ್ಟಿಗೆ ಹೊರಬರುವ ಗೇಟೂ ಇಲ್ಲ. ಯೂನಿಯನ್ನಿನವನು ಭಟ್ಟಿಯಿಂದ ಭಟ್ಟಿಗೆ ನಡೆದೇ ಮಾತಾಡಿಸಬೇಕು. ಅವನು ಹೋಗುವಷ್ಟರಲ್ಲಿ ಓಟು ಕೇಳುವವರು ಎರಡು ಸಲ ಬಂದು ಹೋಗಿರುತ್ತಾರೆ.