ಮೊದಲು ಒಂದು ಸೈಟಲ್ಲಿ ಮನೆ ಕಟ್ಟಿ

ಎಲ್ಲರಿಗೂ ನಮಸ್ಕಾರ.

ಊಟದ ಹೊತ್ತಿಗೆ ಒಬ್ಬ ತಂಗಿ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. "ಅಕ್ಕಾ, ಅಡುಗೆ ಸಾಮಾನಿಗೆ ಒಂದು, ಮಕ್ಕಳ ಸಾಮಾನಿಗೆ ಒಂದು, ಮೊಬೈಲಿಗೆ ಒಂದು ಅಂತ ಮೂರು ಡೊಮೈನ್, ಅಂದರೆ ವೆಬ್‌ಸೈಟ್ ಹೆಸರು, ತಗೊಂಡಿದ್ದೀನಿ. ಇನ್‌ಸ್ಟಾಗ್ರಾಂ ಪೇಜೂ ಮೂರು. ಸರಿ ಇದೆ ಅಲ್ವಾ?" ನಾನು ಬೇರೇನೋ ಬರೆದುಕೊಂಡು ಬಂದಿದ್ದೆ. ಅದನ್ನು ಬ್ಯಾಗಿಗೆ ಹಾಕಿಬಿಟ್ಟೆ. ಅಫಿಲಿಯೇಟ್ ಅಂದರೇನು, ಲಿಂಕ್ ಹೇಗೆ ಮಾಡೋದು ಅಂತ ಬೆಳಿಗ್ಗೆಯಿಂದ ಕೇಳಿದ್ದೀರಿ: ನಾವು ಕೊಟ್ಟ ಲಿಂಕಿಂದ ಯಾರಾದರೂ ಸಾಮಾನು ಕೊಂಡರೆ ನಮಗೆ ಕಮಿಷನ್, ಅಷ್ಟೇ. ನಾನು ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ.

ಸರಿ ಇಲ್ಲಮ್ಮ. ಒಂದು ಸೈಟ್ ಸಾಕು.

2019ರಲ್ಲಿ ನಾನೂ ನಾಲ್ಕು ಸೈಟ್ ಮಾಡಿದ್ದೆ. ಸುದ್ದಿ ನಮ್ಮ ಅತ್ತೆಯ ಕಿವಿಗೆ ಬಿತ್ತು. ಅವರಿಗೆ ಖುಷಿಯೋ ಖುಷಿ. "ನಾಲ್ಕು ಸೈಟಂತಲ್ಲ, ಯಾವ ಬಡಾವಣೆ? ಮೂಲೆ ಸೈಟ್ ಯಾವುದಾದರೂ ಸಿಕ್ಕಿತಾ?" ಅಂದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ನಮ್ಮ ಕಡೆ 30-40 ಸೈಟ್ ತಗೊಂಡು ಸುಮ್ನೆ ಬಿಟ್ಟರೂ ಸಾಮಾನ್ಯವಾಗಿ ಬೆಲೆ ಏರುತ್ತೆ. ಅದಕ್ಕೇ ಜನ ಸಾಲ ಮಾಡಿಯಾದರೂ ಎರಡನೆಯದಕ್ಕೆ ಅಡ್ವಾನ್ಸ್ ಕೊಡುತ್ತಾರೆ. ವೆಬ್‌ಸೈಟ್ ಹಾಗಲ್ಲ. ಖಾಲಿ ಬಿಟ್ಟರೆ ಅಲ್ಲಿ ಬೆಳೆಯೋದು ಪಾರ್ಥೇನಿಯಂ. ಹಳೇ ದರ, ಸ್ಟಾಕ್ ಇಲ್ಲದ ಮಾಲು, ಎಲ್ಲಿಗೂ ಹೋಗದ ಲಿಂಕು. ಅದಕ್ಕೂ ವರ್ಷ ವರ್ಷ ಡೊಮೈನ್ ದುಡ್ಡು, ಹೋಸ್ಟಿಂಗ್ ಅಂದರೆ ಸೈಟ್ ಇಡುವ ಜಾಗದ ದುಡ್ಡು ಕಟ್ಟಬೇಕು.

ನನ್ನ ನಾಲ್ಕರಲ್ಲಿ ಮೊಬೈಲ್ ಕವರಿನ ಸೈಟಿಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಮಕ್ಕಳ ಸಾಮಾನಿನದಕ್ಕೂ ಇಲ್ಲ. ತಾರಸಿ ತೋಟದ್ದಕ್ಕೆ ಮಳೆಗಾಲದಲ್ಲಿ ನಾಲ್ಕು ಜನ ಬಂದರು. ಉಳಿದದ್ದು ಅಡುಗೆ ಸಾಮಾನು. ಅದರ ಕಥೆ ಸ್ವಲ್ಪ ಉದ್ದ ಇದೆ, ಕೇಳಿ.

ಒಂದು ದಿನ ಅತ್ತೆ ಹೊಸ ಬೀಡಿನ ಕಾವಲಿ ಪಳಗಿಸುತ್ತಿದ್ದರು. ರಾತ್ರಿಯಿಡೀ ಅಕ್ಕಿ ತೊಳೆದ ನೀರಲ್ಲಿ ನೆನೆಸಿಟ್ಟಿದ್ದರು. ಬೆಳಿಗ್ಗೆ ತೊಳೆದು, ಒಲೆ ಮೇಲಿಟ್ಟು ಒಣಗಿಸಿ, ಎಣ್ಣೆ ಹಚ್ಚಿದರು. ಅರ್ಧ ಈರುಳ್ಳಿಗೆ ಫೋರ್ಕ್ ಚುಚ್ಚಿ ಉಜ್ಜುತ್ತಾ ಇದ್ದರು. ನಾನು ಫೋನ್ ಹಿಡಿದೆ. ಅವರ ಮುಖ ಇಲ್ಲ, ಬಳೆ ಹಾಕಿದ ಕೈ ಮಾತ್ರ. ಮೊದಲ ಮೂರು ದೋಸೆ ಕಿತ್ತು ಬಂತು. ಅದನ್ನೂ ಬಿಡದೆ ತೋರಿಸಿದೆ. ನಾಲ್ಕನೆಯದು ಸಟ್ಟುಗ ತಾಗಿಸಿದ ಕೂಡಲೇ ಎದ್ದು ಬಂತು. ಆ ವಿಡಿಯೋದ ಕೆಳಗೆ ಪ್ರಶ್ನೆಗಳ ಮೇಲೆ ಪ್ರಶ್ನೆ. "ನಮ್ಮದು ಇನ್ನೂ ಅಂಟುತ್ತಿದೆ, ಏನು ಮಾಡಲಿ?" "ಸೋಪು ಹಾಕಬಹುದಾ?" "ತುಕ್ಕು ಬಂತು, ಎಸೀಬೇಕಾ?" ದುಬೈಯಲ್ಲಿರುವ ಕನ್ನಡದವರೊಬ್ಬರು ಕೇಳಿದರು, "ನಮ್ಮನೇಲಿ ಇಂಡಕ್ಷನ್ ಒಲೆ, ಕಾವಲಿ ಆಗುತ್ತಾ?" ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಇಂಡಕ್ಷನ್ ಒಲೆ ಮೇಲೆ ಇಟ್ಟು ನೋಡಿದೆ. ತಳ ಚಪ್ಪಟೆ ಇರಬೇಕು. ಇದ್ದರೂ ಅವಸರ ಮಾಡಿದರೆ ನಡು ಸೀದು ಅಂಚು ಹಸಿ. ನಿಧಾನಕ್ಕೆ ಕಾಯಿಸಬೇಕು.

ಆ ಉತ್ತರಗಳನ್ನೆಲ್ಲ ಕೂಡಿಸಿ ಸೈಟಲ್ಲಿ ಒಂದು ಪುಟ ಬರೆದೆ. ಮೊದಲ ದಿನದ ಕಾವಲಿ, ಏಳನೇ ದಿನದ ಕಾವಲಿ, ಇಪ್ಪತ್ತೊಂದನೇ ದಿನದ ಕಾವಲಿ ಅಂತ ಫೋಟೋ ಹಾಕಿದೆ. ಕೆಳಗೆ ಮೂರೇ ಲಿಂಕು: ಬೀಡಿನ ಕಾವಲಿ, ಚಪ್ಪಟೆ ತಳದ್ದು, ಸಟ್ಟುಗ. ನನ್ನ ಕೈಗೆ ಮೊದಲು ದುಡ್ಡು ಬಂದದ್ದು ಆ ಪುಟದಿಂದ. ಈಗಲೂ ಬರುತ್ತಿದೆ. ಕಾವಲಿಗೆ ಬಂದವರು ಪಡ್ಡಿನ ಹಂಚು ಕೇಳಿದರು, ಇಡ್ಲಿ ಪಾತ್ರೆ ಕೇಳಿದರು. ಅದೇ ಸೈಟಲ್ಲಿ ಕೋಣೆ ಮೇಲೆ ಕೋಣೆ ಕಟ್ಟುತ್ತಾ ಹೋದೆ. ಉಳಿದ ಮೂರು ಡೊಮೈನ್ ನವೀಕರಿಸಲೇ ಇಲ್ಲ.

"ರೀಲ್ಸ್‌ನಿಂದ ನೇರ ಅಮೆಜಾನಿಗೇ ಕಳಿಸಿದರೆ ಆಗಲ್ವಾ, ಸೈಟ್ ಯಾಕೆ?" ಅಂತ ಕೇಳುತ್ತೀರಿ. ಅಮೆಜಾನ್‌ನಲ್ಲಿ ಒಂದು ಕ್ಲಿಕ್ಕಿನ ಲೆಕ್ಕ ಸಾಮಾನ್ಯವಾಗಿ 24 ಗಂಟೆ, ಆಮೇಲೆ ಕೊಂಡರೆ ನಮಗೆ ಕಮಿಷನ್ ಇಲ್ಲ. ರೀಲ್ಸ್ ನೋಡುವವರು ಬಸ್ಸಲ್ಲಿರುತ್ತಾರೆ, ಮಗುವಿಗೆ ಊಟ ಮಾಡಿಸುತ್ತಿರುತ್ತಾರೆ. ಕೊಳ್ಳುವ ಮನಸ್ಸು ಬರೋದು ಸಂಬಳ ಆದ ಮೇಲೆ. ಆಗ ರೀಲ್ ಎಲ್ಲಿ ಹುಡುಕುತ್ತಾರೆ? ಪುಟ ಆದರೆ ಹುಡುಕಿದರೆ ಸಿಗುತ್ತೆ. ಗಂಡನಿಗೋ ಅಕ್ಕನಿಗೋ ವಾಟ್ಸಾಪಲ್ಲಿ ಕಳಿಸುತ್ತಾರೆ. ಬಂದವರು ಆವತ್ತು ಹೊಸದಾಗಿ ಲಿಂಕ್ ಒತ್ತುತ್ತಾರೆ.

ಹಲವು ಸೈಟ್ ಬೇಕು ಅನ್ನುವವರಿಗೆ ಒಂದು ಭಯ ಇದೆ. "ಒಂದು ಬಿದ್ದರೆ ಇನ್ನೊಂದು ಕೈ ಹಿಡಿಯುತ್ತೆ." ಭಯ ಸುಳ್ಳಲ್ಲ, ಪರಿಹಾರ ತಪ್ಪು. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಅಫಿಲಿಯೇಟ್ ಕಮಿಷನ್ ಇಳಿಸಿತು. ಪೀಠೋಪಕರಣಕ್ಕೆ 8 ಶೇಕಡಾ ಇದ್ದದ್ದು 3ಕ್ಕೆ ಬಂತು. ಮಂಚಕ್ಕೆ ಒಂದು, ಕುರ್ಚಿಗೆ ಒಂದು, ಸೋಫಾಕ್ಕೆ ಒಂದು ಅಂತ ಸೈಟ್ ಇಟ್ಟವರಿಗೆ ಒಂದೇ ದಿನ ಎಲ್ಲದರಲ್ಲೂ ಏಟು. ಹತ್ತು ಸೈಟ್ ಇದ್ದರೂ ದುಡ್ಡು ಬರುವ ಬಾಗಿಲು ಒಂದೇ ಆಗಿತ್ತು ನೋಡಿ. ಅದೇ ವರ್ಷ ಜೂನ್ 29ಕ್ಕೆ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಂತಿತು. ಟಿಕ್‌ಟಾಕ್ ಬಿಟ್ಟು ಬೇರೆ ಗತಿ ಇಲ್ಲದವರು ರಾತ್ರೋರಾತ್ರಿ ಬೀದಿಗೆ ಬಂದರು. ಅದಕ್ಕೇ ಹೇಳುತ್ತೇನೆ, ದಾರಿ ಹೆಚ್ಚು ಮಾಡಿಕೊಳ್ಳಿ. ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎಲ್ಲಾ ಕಡೆಯಿಂದ ಜನ ಒಂದೇ ಮನೆಗೆ ಬರಲಿ. ಕಮಿಷನ್ ಎರಡು ಮೂರು ಕಂಪನಿಯಿಂದ ಬರಲಿ. ಕಾವಲಿ ಎರಕ ಹೊಯ್ಯುವವರ ಜೊತೆಗೇ ನೇರ ಮಾತಾಡಿ. ಸೈಟ್ ಮಾತ್ರ ಒಂದಿರಲಿ.

ಇದು ನನ್ನ ಅಡುಗೆಮನೆಯ ಅನುಭವ ಮಾತ್ರ ಅಲ್ಲ. ಯಾವ ಸಾಮಾನು ಕೊಳ್ಳಬೇಕು ಅಂತ ಪರೀಕ್ಷಿಸಿ ಹೇಳುವ ಅಮೆರಿಕದ ವೈರ್‌ಕಟರ್ ಸೈಟ್ ಕೇಳಿರುತ್ತೀರಿ. 2011ರಲ್ಲಿ ಶುರುವಾಯಿತು, ಎಲೆಕ್ಟ್ರಾನಿಕ್ ಸಾಮಾನಿಗೆ. ಮನೆ ಸಾಮಾನಿಗೆ ಅಂತ ಅವರೇ ಸ್ವೀಟ್‌ಹೋಮ್ ಎಂಬ ಇನ್ನೊಂದು ಸೈಟ್ ಮಾಡಿದರು. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಎರಡನ್ನೂ ಸುಮಾರು 3 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಏನಾಯಿತು? ಎರಡನ್ನೂ ಸೇರಿಸಿ ಒಂದೇ ಹೆಸರಲ್ಲಿ ಇಟ್ಟರು. ಜನ, ದುಡ್ಡು ಎರಡೂ ಇದ್ದವರೇ ಹಾಗೆ ಮಾಡಿದರು. ನಾವು ಮಗುವನ್ನು ಮಲಗಿಸಿ ರಾತ್ರಿ ಹತ್ತಕ್ಕೆ ಕೂರುವವರು, ಮೂರು ಸೈಟಿಗೆ ಬರೆಯೋದು ಯಾವಾಗ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದೇ ನಿಮಿಷ ಅಂತೆ, ಬೇಗ ಹೇಳುತ್ತೇನೆ.

ಎರಡನೇ ಸೈಟ್ ಯಾವಾಗ? ಮೊದಲನೆಯದಕ್ಕೆ ಬರುವವರಿಗೆ ಎರಡನೆಯದು ಏನೇನೂ ಬೇಡ ಅನ್ನುವಾಗ. ದೋಸೆ ಕಾವಲಿ ಕೇಳುವವರು ಟ್ರ್ಯಾಕ್ಟರ್ ಬಿಡಿಭಾಗ ಕೇಳಲ್ಲ. ಆಗ ಬೇರೆ ಮಾಡಿ, ಅದೂ ಮೊದಲನೆಯದು ತನ್ನ ಖರ್ಚು ತಾನೇ ನೋಡಿಕೊಳ್ಳುವಾಗ. ಕಾವಲಿಗೂ ಕುಕ್ಕರಿಗೂ ಬೇರೆ ಸೈಟ್ ಬೇಡ.

"ಇದು ಜಾಹೀರಾತು" ಅಂತ ಎದ್ದು ಕಾಣುವ ಹಾಗೆ ಬರೆಯಿರಿ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಹೇಳಿದೆ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿ ಮತ್ತೆ ಹೇಳಿದೆ. ಮೂರು ಪೇಜ್ ಇದ್ದರೆ ಮೂರರಲ್ಲೂ ಬರೆಯಬೇಕು, ಒಂದರಲ್ಲಾದರೂ ಮರೆಯುತ್ತೀರಿ. ಕಮಿಷನ್ ಆದಾಯವೇ, ತೆರಿಗೆ ಲೆಕ್ಕ ಇಡಿ. ನಿಮ್ಮ ಲಿಂಕಿಂದ ನೀವೇ ಕೊಳ್ಳಬೇಡಿ. ದರ ಕೈಯಲ್ಲಿ ಟೈಪ್ ಮಾಡಿ ಹಾಕಬೇಡಿ, ನಾಳೆಗೆ ಬದಲಾಗಿರುತ್ತೆ. ಇದರ ಬಗ್ಗೆ ಇನ್ನೂ ಇತ್ತು, ಬಿಡುತ್ತೇನೆ.

ಆ ತಂಗಿ ಎಲ್ಲಿದ್ದಾಳೆ? ಹಾಂ, ಕಿಟಕಿ ಹತ್ತಿರ. ಮೂರರಲ್ಲಿ ಯಾವುದಕ್ಕೆ ಜನ ಪ್ರಶ್ನೆ ಕೇಳಿದ್ದಾರೆ ಅಂತ ಇವತ್ತು ರಾತ್ರಿ ಫೋನ್ ತೆಗೆದು ನೋಡಮ್ಮ. ಅತ್ತೆಯ ಕಾವಲಿ ಬ್ಯಾಗಲ್ಲಿ ತಂದಿದ್ದೇನೆ. ಚಹಾ ಹೊತ್ತಲ್ಲಿ ಮೇಜಿನ ಮೇಲೆ ಇಟ್ಟಿರುತ್ತೇನೆ, ಬಂದು ಕೈಯಾಡಿಸಿ ನೋಡಿ. ಭಾರ ಇದೆ, ಎರಡೂ ಕೈಯಲ್ಲಿ ಹಿಡೀರಿ.